ಗ್ರಾಂ ಕಡಿಮೆ ಇದ್ದದ್ದೇ ಮೊದಲು ಮುಗಿಯುತ್ತಾ?

ಪ್ರಶ್ನೆ: 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ನೀರು ಸಿಗುತ್ತದೆ ಎಂಬ ಲೆಕ್ಕ ಇತ್ತು. ಹೈಡ್ರೋಜನ್ ಕಡಿಮೆ ಇರುವುದರಿಂದ ಅದೇ ಲಿಮಿಟಿಂಗ್ ರಿಯೇಜೆಂಟ್ (ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು) ಅಂದುಕೊಂಡು 90 ಗ್ರಾಂ ಎಂದು ಬರೆದೆ. ಸರಿ ಉತ್ತರ 72 ಅಂತೆ. ಎಲ್ಲಿ ತಪ್ಪಿದೆ ಸರ್?

ಉತ್ತರ: ಮೊದಲು ನಿಮ್ಮ 90ನ್ನೇ ನೋಡಿ. ಹಾಕಿದ್ದು ಒಟ್ಟು 74 ಗ್ರಾಂ. ಅದರಿಂದ 90 ಗ್ರಾಂ ನೀರು ಬರಲು ಸಾಧ್ಯವೇ ಇಲ್ಲ, ಅಲ್ವಾ?

ಅಣುಗಳು ಸೇರುವುದು ಎಣಿಕೆಯ ಮೇಲೆ, ತೂಕದ ಮೇಲಲ್ಲ. ಹಾಗಾಗಿ ಗ್ರಾಂ ಲೆಕ್ಕವನ್ನು ಮೊದಲು ಮೋಲ್‌ಗೆ, ಅಂದರೆ ಅಣುಗಳ ಎಣಿಕೆಯ ಅಳತೆಗೆ, ತನ್ನಿ. ಹೈಡ್ರೋಜನ್ 10ನ್ನು ಅದರ ಒಂದು ಮೋಲ್‌ನ ತೂಕವಾದ 2ರಿಂದ ಭಾಗಿಸಿದರೆ 5 ಮೋಲ್. ಆಕ್ಸಿಜನ್ 64ನ್ನು 32ರಿಂದ ಭಾಗಿಸಿದರೆ 2 ಮೋಲ್. ಸರಿದೂಗಿಸಿದ ಸಮೀಕರಣದ ಪ್ರಕಾರ 2 ಮೋಲ್ ಹೈಡ್ರೋಜನ್‌ಗೆ 1 ಮೋಲ್ ಆಕ್ಸಿಜನ್ ಬೇಕು, 2 ಮೋಲ್ ನೀರು ಬರುತ್ತದೆ. 5 ಮೋಲ್ ಹೈಡ್ರೋಜನ್ ಪೂರ್ತಿ ಉರಿಯಲು ಎರಡೂವರೆ ಮೋಲ್ ಆಕ್ಸಿಜನ್ ಬೇಕಿತ್ತು. ಇರುವುದು 2 ಮಾತ್ರ. ಅಂದರೆ 64 ಗ್ರಾಂ ಇದ್ದರೂ ಮೊದಲು ಮುಗಿಯುವುದು ಆಕ್ಸಿಜನ್ನೇ. ಸಿಗುವ ನೀರು 4 ಮೋಲ್, ಅಂದರೆ 72 ಗ್ರಾಂ. ಹೈಡ್ರೋಜನ್ 2 ಗ್ರಾಂ ಉಳಿಯುತ್ತದೆ. ಕೂಡಿಸಿ ನೋಡಿ, 74 ಸರಿಹೋಯಿತು.

'ಹಾಗಾದರೆ ಮೋಲ್ ಕಡಿಮೆ ಇರುವುದನ್ನು ಆರಿಸಿದರಾಯಿತು' ಎಂದುಕೊಂಡರೆ ಮತ್ತೆ ಎಡವುತ್ತೀರಿ. ಜಾಸ್ತಿ ಜನ ಜಾರುವುದು ಇಲ್ಲೇ. ಅಮೋನಿಯಾ ತಗೊಳ್ಳಿ: 1 ಮೋಲ್ ನೈಟ್ರೋಜನ್‌ಗೆ 3 ಮೋಲ್ ಹೈಡ್ರೋಜನ್ ಬೇಕು, 2 ಮೋಲ್ ಅಮೋನಿಯಾ ಬರುತ್ತದೆ. ನಿಮ್ಮ ಹತ್ತಿರ ನೈಟ್ರೋಜನ್ 2 ಮೋಲ್, ಹೈಡ್ರೋಜನ್ 3 ಮೋಲ್ ಇದೆ ಎನ್ನಿ. ಹೈಡ್ರೋಜನ್ನೇ ಜಾಸ್ತಿ ಇದೆ, ಆದರೂ ಮೊದಲು ಮುಗಿಯುವುದು ಅದೇ.

ಅದಕ್ಕೆ ನಾನು ಹೇಳಿಕೊಡುವ ದಾರಿ ಇದು: ಪ್ರತಿಯೊಂದರ ಮೋಲ್ ಅನ್ನು ಸಮೀಕರಣದಲ್ಲಿ ಅದರ ಮುಂದಿರುವ ಅಂಕಿಯಿಂದ ಭಾಗಿಸಿ. ನೈಟ್ರೋಜನ್‌ಗೆ 2, ಹೈಡ್ರೋಜನ್‌ಗೆ 1 ಬಂತು. ಚಿಕ್ಕದು ಬಂದದ್ದೇ ಲಿಮಿಟಿಂಗ್. ಆ 1 ನಿಮ್ಮ ಉತ್ತರ ಅಲ್ಲ, ನೆನಪಿರಲಿ. ಅದನ್ನು ಅಮೋನಿಯಾದ ಮುಂದಿರುವ 2ರಿಂದ ಗುಣಿಸಿದರೆ 2 ಮೋಲ್, ಅಂದರೆ 34 ಗ್ರಾಂ.

ಲೆಕ್ಕದಲ್ಲಿ ಒಂದು ವಸ್ತು 'ಬೇಕಾದಷ್ಟಿದೆ' ಎಂದು ಕೊಟ್ಟಿದ್ದರೆ ಸುಮ್ನೆ ಇಷ್ಟೆಲ್ಲ ಮಾಡಬೇಡಿ, ಇನ್ನೊಂದೇ ಲಿಮಿಟಿಂಗ್. ಇನ್ನು ಈ 34 ಗ್ರಾಂ ಕಾಗದದ ಮೇಲಿನ ಗರಿಷ್ಠ ಅಷ್ಟೇ. ಅಮೋನಿಯಾ ಆಗುವ ಕ್ರಿಯೆ ಹಿಂದಕ್ಕೂ ನಡೆಯುವುದರಿಂದ ಹೈಡ್ರೋಜನ್ ಪೂರ್ತಿ ಮುಗಿಯುವುದಿಲ್ಲ, ನಿಜವಾಗಿ ಸಿಗುವುದು ಇದಕ್ಕಿಂತ ಕಡಿಮೆ.