ಅವಧಿ ಮುಗಿದ ಫಿಲ್ಮ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯ ಹಿರಿಯರೊಬ್ಬರ ಕಪಾಟಿನಲ್ಲಿ ಬಳಸದೆ ಉಳಿದ ಹಲವು ಫಿಲ್ಮ್ ರೋಲ್‌ಗಳು ಸಿಕ್ಕಿವೆ. ಹೆಚ್ಚಿನವು ಐಎಸ್‌ಒ (ಬೆಳಕಿಗೆ ಫಿಲ್ಮ್‌ನ ಸೂಕ್ಷ್ಮತೆ, ಅಂದರೆ ಅದರ ವೇಗ) 200ರ ಬಣ್ಣದ ನೆಗೆಟಿವ್ ಫಿಲ್ಮ್‌ಗಳು. ಕೆಲವು ಐಎಸ್‌ಒ 100ರ ಕಪ್ಪು-ಬಿಳುಪಿನವು, ಒಂದೆರಡು ಐಎಸ್‌ಒ 800ರವು. ಪೆಟ್ಟಿಗೆಯ ಮೇಲಿನ ಅವಧಿ ಮುಗಿದು ಇಪ್ಪತ್ತು ವರ್ಷಗಳಾಗಿವೆ. ಇವುಗಳಲ್ಲಿ ಚಿತ್ರ ತೆಗೆಯಬಹುದೇ?

ಉತ್ತರ: ತೆಗೆಯಬಹುದು. ಆದರೆ ದಿನಾಂಕ ನೋಡುವುದಕ್ಕೆ ಮೊದಲು, ಆ ರೋಲ್‌ಗಳು ಇಷ್ಟು ವರ್ಷ ಎಲ್ಲಿ, ಹೇಗೆ ಇದ್ದವೆಂದು ವಿಚಾರಿಸಿ. ತಯಾರಕರು ಹೇಳಿದ ರೀತಿಯಲ್ಲಿ ಕಾಪಾಡಿದರೆ ಫಿಲ್ಮ್ ಎಲ್ಲಿಯವರೆಗೆ ತನ್ನ ಪೂರ್ಣ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನಷ್ಟೇ ಪೆಟ್ಟಿಗೆಯ ದಿನಾಂಕ ತಿಳಿಸುತ್ತದೆ. ಮರುದಿನವೇ ಅದು ಕೆಡುವುದಿಲ್ಲ. ಬಿಸಿಯೇರುವ ಅಟ್ಟದಲ್ಲಿ ಬಿದ್ದಿದ್ದ ರೋಲ್ ಅವಧಿಗೆ ಮೊದಲೇ ಕೆಟ್ಟಿರಲೂಬಹುದು.

ಫಿಲ್ಮ್‌ನ ಜಿಲಾಟಿನ್ ಪದರದಲ್ಲಿ ಬೆಳ್ಳಿಯ ಹ್ಯಾಲೈಡ್ ಹರಳುಗಳು ಹರಡಿಕೊಂಡಿರುತ್ತವೆ. ಬೆಳಕು ಬಿದ್ದ ಹರಳುಗಳು ಮಾತ್ರ ಡೆವಲಪರ್ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗಿ ಮಾರ್ಪಡಬೇಕು. ಆದರೆ ಶಾಖ, ತೇವ ಹಾಗೂ ಪರಿಸರದಲ್ಲಿ ಸದಾ ಇರುವ ವಿಕಿರಣದಿಂದಾಗಿ, ವರ್ಷಗಳು ಕಳೆದಂತೆ ಬೆಳಕನ್ನೇ ಕಾಣದ ಹರಳುಗಳೂ ಕಪ್ಪಾಗಲು ಸಿದ್ಧವಾಗಿಬಿಡುತ್ತವೆ. ಇದನ್ನೇ ಫಾಗ್ ಎನ್ನುತ್ತಾರೆ. ಇದರ ಜೊತೆಗೆ ಫಿಲ್ಮ್‌ನ ಸೂಕ್ಷ್ಮತೆಯೂ ತಗ್ಗುತ್ತದೆ. ನೆಗೆಟಿವ್‌ನಲ್ಲಿ ತಿಳಿಯಾಗಿರಬೇಕಾದ ಭಾಗಗಳು ಮಬ್ಬಾಗಿ, ನೆರಳಿನ ವಿವರಗಳು ಆ ಮಬ್ಬಿನಲ್ಲಿ ಮುಳುಗಿಹೋಗುತ್ತವೆ. ಹಳೆಯ ಫಿಲ್ಮ್‌ಗೆ ಹೆಚ್ಚು ಬೆಳಕು ಕೊಡುವುದು ಆ ವಿವರಗಳನ್ನು ಮಬ್ಬಿನಿಂದ ಮೇಲೆತ್ತುವುದಕ್ಕಾಗಿಯೇ. ಡೆವಲಪ್ ಮಾಡುವ ಸಮಯವನ್ನು ಹೆಚ್ಚಿಸಿದರೆ ಅದೇ ಫಲ ಸಿಗುತ್ತದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ, ಏಕೆಂದರೆ ಚಿತ್ರದ ಜೊತೆಗೆ ಫಾಗ್ ಕೂಡ ಬೆಳೆಯುತ್ತದೆ.

ಸಾಧಾರಣ ಕೋಣೆಯ ಉಷ್ಣತೆಯಲ್ಲಿದ್ದ ಬಣ್ಣದ ನೆಗೆಟಿವ್ ಫಿಲ್ಮ್‌ಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್‌ನಂತೆ ಬೆಳಕು ಹೆಚ್ಚಿಸುವುದು ರೂಢಿಯಲ್ಲಿರುವ ಲೆಕ್ಕ. ಒಂದು ಸ್ಟಾಪ್ ಎಂದರೆ ಬೆಳಕನ್ನು ಎರಡು ಪಟ್ಟು ಮಾಡುವುದು. ಅದರಂತೆ ಇಪ್ಪತ್ತು ವರ್ಷಕ್ಕೆ ಎರಡು ಸ್ಟಾಪ್ ಸೇರಿಸಿ, ನಿಮ್ಮ 200ರ ರೋಲನ್ನು 50 ಎಂದು ಎಣಿಸಿ ಬೆಳಕನ್ನು ಅಳೆಯಿರಿ. ಕಪ್ಪು-ಬಿಳುಪಿನ 100ರ ರೋಲ್‌ಗೆ ಒಂದು ಸ್ಟಾಪ್ ಸಾಕಾಗಬಹುದು. ನಿಮಗೆ ಸಿಕ್ಕಿರುವುದರಲ್ಲಿ ನಾನು ಹೆಚ್ಚು ಭರವಸೆ ಇಡುವುದು ಇವುಗಳ ಮೇಲೆಯೇ. 800ರ ಫಿಲ್ಮ್ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವಂತೆ ವಿಕಿರಣಕ್ಕೂ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಬೇಗ ಕೆಡುತ್ತದೆ. ಮೂರು ಸ್ಟಾಪ್ ಕೊಟ್ಟರೂ ಒರಟು ಕಣಗಳ, ಮಂಕಾದ ಚಿತ್ರ ಬರುವ ಸಂಭವವೇ ಹೆಚ್ಚು. ಬಣ್ಣದ ಫಿಲ್ಮ್‌ನಲ್ಲಿ ನೀಲಿ, ಹಸಿರು, ಕೆಂಪು ಬೆಳಕನ್ನು ಗ್ರಹಿಸುವ ಪದರಗಳು ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಹಾಗಾಗಿ ನೆರಳಿನ ಭಾಗಕ್ಕೆ ಒಂದು ಛಾಯೆ, ಬೆಳಕಿನ ಭಾಗಕ್ಕೆ ಇನ್ನೊಂದು ಛಾಯೆ ಅಂಟಿಕೊಂಡಿದ್ದರೆ, ಸ್ಕ್ಯಾನ್ ಮಾಡಿದ ಮೇಲೂ ಅದನ್ನು ಪೂರ್ತಿಯಾಗಿ ತಿದ್ದುವುದು ಕಷ್ಟ.

ಯಾವ ಲೆಕ್ಕವೂ ಪರೀಕ್ಷೆಗೆ ಸಮನಲ್ಲ. ಒಟ್ಟಿಗೇ ಇದ್ದ ರೋಲ್‌ಗಳಲ್ಲಿ ಒಂದನ್ನು ತೆಗೆದು, ಒಂದೇ ದೃಶ್ಯವನ್ನು ಮೂಲ ವೇಗದಲ್ಲಿ, ಅನಂತರ ಒಂದು, ಎರಡು, ಮೂರು ಸ್ಟಾಪ್ ಹೆಚ್ಚಿಸಿ ಚಿತ್ರಿಸಿ, ಡೆವಲಪ್ ಮಾಡಿಸಿ ನೋಡಿ. ಡಬ್ಬಿಯ ಮೇಲೆ ಫಿಲ್ಮ್‌ನ ವೇಗವನ್ನು ಸೂಚಿಸುವ ಡಿಎಕ್ಸ್ ಸಂಕೇತವನ್ನು ಕ್ಯಾಮೆರಾ ತಾನಾಗಿಯೇ ಓದಿ 200 ಎಂದು ಹೊಂದಿಸಿಕೊಳ್ಳುವುದಾದರೆ, ಎಕ್ಸ್‌ಪೋಜರ್ ಕಾಂಪೆನ್ಸೇಷನ್ ಗುಂಡಿಯಿಂದ ಬೆಳಕನ್ನು ಹೆಚ್ಚಿಸಬೇಕಾಗುತ್ತದೆ. ಮತ್ತೆ ಸಿಗದ ಸಂದರ್ಭಗಳಿಗೆ ಈ ಫಿಲ್ಮ್‌ಗಳನ್ನು ದಯವಿಟ್ಟು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಸ್ಲೈಡ್ ಫಿಲ್ಮ್‌ಗೂ ಇದೇ ಲೆಕ್ಕ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ಸ್ಲೈಡ್ ಫಿಲ್ಮ್ ನೆಗೆಟಿವ್ ಅಲ್ಲ, ನೇರವಾಗಿ ಪಾಸಿಟಿವ್ ಚಿತ್ರ ಕೊಡುತ್ತದೆ. ಹಾಗಾಗಿ ಅದರಲ್ಲಿ ಫಾಗ್ ಹೆಚ್ಚಾದಷ್ಟೂ ಕಪ್ಪು ಭಾಗಗಳು ತೆಳುವಾಗುತ್ತವೆ. ಅದರ ಮೇಲೆ ಎರಡು ಸ್ಟಾಪ್ ಬೆಳಕನ್ನೂ ಸೇರಿಸಿದರೆ ಚಿತ್ರವೇ ತೊಳೆದುಹೋಗುತ್ತದೆ. ಮೂಲ ವೇಗದಲ್ಲಿ, ಹೆಚ್ಚೆಂದರೆ ಅರ್ಧ ಸ್ಟಾಪ್ ಹೆಚ್ಚಿಸಿ ತೆಗೆಯಿರಿ.

ಪ್ರಶ್ನೆ: ಉಳಿದ ರೋಲ್‌ಗಳನ್ನು ಫ್ರಿಜ್‌ನಲ್ಲಿಡಬೇಕೇ, ಫ್ರೀಜರ್‌ನಲ್ಲಿಡಬೇಕೇ?

ಉತ್ತರ: ಕೆಲವು ತಿಂಗಳಲ್ಲಿ ಬಳಸುವುದಾದರೆ ಫ್ರಿಜ್ ಸಾಕು, ವರ್ಷಗಟ್ಟಲೆ ಇಡುವುದಾದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್ ಉತ್ತಮ. ತಂಪು ರಾಸಾಯನಿಕ ಕ್ರಿಯೆಗಳನ್ನು ನಿಧಾನಗೊಳಿಸುತ್ತದೆಯೇ ಹೊರತು ಆಗಲೇ ಆದ ಹಾನಿಯನ್ನು ಸರಿಪಡಿಸುವುದಿಲ್ಲ, ವಿಕಿರಣವನ್ನೂ ತಡೆಯುವುದಿಲ್ಲ. ಮೂಲ ಡಬ್ಬಿಯಲ್ಲಿರುವ ರೋಲ್‌ಗಳನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಹೊರಗೆ ತೆಗೆದ ದಿನಾಂಕವನ್ನು ಬರೆಯಲು ಒಂದು ಚೀಟಿ ಅಂಟಿಸಿ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇರುವುದು ಹೊರತೆಗೆಯುವಾಗ: ತಣ್ಣಗಿರುವ ಫಿಲ್ಮ್‌ನ ಡಬ್ಬಿಯನ್ನು ಕೂಡಲೇ ತೆರೆದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಕಲೆ ಬೀಳುತ್ತದೆ. ಫ್ರಿಜ್‌ನಿಂದ ತೆಗೆದ ರೋಲನ್ನು ಒಂದೆರಡು ಗಂಟೆ, ಫ್ರೀಜರ್‌ನಿಂದ ತೆಗೆದುದನ್ನು ಹಲವು ಗಂಟೆ, ಮುಚ್ಚಿದಂತೆಯೇ ಬಿಟ್ಟು ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಕಪಾಟಿನಲ್ಲೇ ಇಡುವವರು ಫಿಲ್ಮನ್ನು ನುಸಿಗುಳಿಗೆ, ಪೇಂಟ್ ಡಬ್ಬಿಗಳಿಂದ ದೂರವಿಡಬೇಕು; ಅವುಗಳ ಆವಿಯೂ ಫಿಲ್ಮ್‌ಗೆ ಹಾನಿಕರ.

ಪ್ರಶ್ನೆ: ಹಳೆಯ ಕ್ಯಾಮೆರಾದೊಳಗೆ, ಚಿತ್ರ ತೆಗೆದು ಡೆವಲಪ್ ಮಾಡಿಸದೆ ಬಿಟ್ಟ ರೋಲ್ ಒಂದಿದೆ. ಏನಾದರೂ ಉಳಿದಿರಬಹುದೇ?

ಉತ್ತರ: ಉಳಿದಿರಬಹುದು. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಮರಳದ ಸ್ವೀಡನ್ನಿನ ಆಂದ್ರೇ ತಂಡದ ಫಿಲ್ಮ್‌ಗಳು 1930ರಲ್ಲಿ ಹಿಮದ್ವೀಪವೊಂದರಲ್ಲಿ ಸಿಕ್ಕಾಗ, ಸ್ಟಾಕ್‌ಹೋಮ್‌ನಲ್ಲಿ ಅವುಗಳಿಂದ 93 ಚಿತ್ರಗಳನ್ನು ಉಳಿಸಿಕೊಳ್ಳಲಾಯಿತು. ಅಂಥ ಚಳಿ ನಿಮ್ಮ ಕ್ಯಾಮೆರಾಗೆ ದೊರೆತಿರಲಾರದು. ಬೆಳಕು ಮೂಡಿಸಿದ ಅಗೋಚರ ಬಿಂಬವೂ ಕಾಲಕ್ರಮೇಣ ಕ್ಷೀಣಿಸುತ್ತದೆ. ಆದ್ದರಿಂದ ಇನ್ನು ತಡಮಾಡಬೇಡಿ. ರೋಲನ್ನು ಪೂರ್ತಿ ಸುತ್ತಿಕೊಂಡ ಮೇಲೆಯೇ ಕ್ಯಾಮೆರಾದ ಹಿಂಬಾಗಿಲು ತೆರೆದು, ಡಬ್ಬಿಯ ಮೇಲಿನ ಪ್ರಕ್ರಿಯೆಯ ಹೆಸರನ್ನು ಓದಿ. ಸಿ-41 ಎಂದಿದ್ದರೆ ಬಣ್ಣದ ಫಿಲ್ಮ್ ಡೆವಲಪ್ ಮಾಡುವ ಪ್ರಯೋಗಾಲಯಗಳು ಈಗಲೂ ಮಾಡಿಕೊಡುತ್ತವೆ. ಕೊಡಾಕ್ ಕಂಪನಿಯ ಕೊಡಾಕ್ರೋಮ್ ಸ್ಲೈಡ್ ಫಿಲ್ಮ್ ಆಗಿದ್ದರೆ ಅದರ ಬಣ್ಣದ ಸಂಸ್ಕರಣೆ ನಿಂತುಹೋಗಿರುವುದರಿಂದ ಕಪ್ಪು-ಬಿಳುಪಿನಲ್ಲಿ ಮಾತ್ರ ಬಿಂಬ ಪಡೆಯಬಹುದು. ಹೀಗೆ ಒಮ್ಮೆ ಸಂಸ್ಕರಿಸಿದ ಮೇಲೆ ಬಣ್ಣವನ್ನು ಮರಳಿ ತರಲಾಗದು. ಹಳೆಯ ಫಿಲ್ಮ್‌ಗಳಲ್ಲಿ ಅನುಭವವಿರುವವರಿಗೇ ಒಪ್ಪಿಸಿ, ರೋಲ್ ಎಷ್ಟು ಹಳೆಯದು, ಎಲ್ಲಿತ್ತು ಎಂಬುದನ್ನು ಅದರೊಂದಿಗೆ ಬರೆದುಕೊಡಿ.