ಆರ್ಕ್ಟಿಕ್ ಮಂಜುಗಡ್ಡೆ ಕರಗಿದರೆ ಹಿಮಕರಡಿಗಳನ್ನು ಅಂಟಾರ್ಕ್ಟಿಕಾಕ್ಕೆ ಸಾಗಿಸಬಹುದಲ್ವಾ?

ಬೇಡ. ಅಲ್ಲಿನ ಪೆಂಗ್ವಿನ್‌ಗಳಿಗೆ ನೆಲದ ಮೇಲೆ ಬೇಟೆಯಾಡುವ ಇಂಥ ದೊಡ್ಡ ಪ್ರಾಣಿಯ ಪರಿಚಯವೇ ಇಲ್ಲ. ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಮುಗಿಸಿದ ಹಾಗಾಗುತ್ತದೆ.

ಹಿಮಕರಡಿಯ ದೊಡ್ಡ ಕಷ್ಟ ಊಟದ್ದು. ಸಮುದ್ರದ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯಲ್ಲಿ ಸೀಲ್‌ಗಳು ಉಸಿರಾಡುವ ತೂತುಗಳಿರುತ್ತವೆ. ಕರಡಿ ಅಲ್ಲೇ ಕಾದು ಕೂತು ಹಿಡಿಯುತ್ತದೆ. ಅದಕ್ಕೆ ಬೇಕಾದ್ದು ಸೀಲ್‌ನ ಕೊಬ್ಬು. ನಮ್ಮ ಬನ್ನೇರುಘಟ್ಟದ ಕಡೆಯ ಕರಡಿ ಗೆದ್ದಲು, ಜೇನು, ಹಣ್ಣು ತಿಂದು ಬದುಕುತ್ತದೆ. ಹಿಮಕರಡಿಗೆ ಆ ಭಾಗ್ಯವಿಲ್ಲ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ ದಡಕ್ಕೆ ಬಂದು ಹಣ್ಣು, ಮೊಟ್ಟೆ ತಿಂದರೂ ಸಾಮಾನ್ಯವಾಗಿ ತೂಕ ಇಳಿಯುತ್ತಲೇ ಇರುತ್ತದೆ. ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಬೇಸಿಗೆಯ ಈ ಉಪವಾಸ ಮೊದಲಿಗಿಂತ ಜಾಸ್ತಿ ದಿನ ಎಳೆಯುತ್ತಿದೆ. ಪೆಟ್ಟು ಮೊದಲು ಬೀಳುವುದು ಮರಿಗಳಿಗೆ.

ಹಾಗಾದರೆ ಆಸರೆ ಎಲ್ಲಿ? ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರ ತುದಿಯಲ್ಲಿ. ಅಲ್ಲಿನ ಹಳೆಯ, ದಪ್ಪ ಮಂಜುಗಡ್ಡೆ ಎಲ್ಲಕ್ಕಿಂತ ಕೊನೆಗೆ ಕರಗುತ್ತದೆ ಎಂದು ಅಂದಾಜು. 2019ರಲ್ಲಿ ಕೆನಡಾ ಅಲ್ಲಿ 'ತುವೈಜುಯಿತ್ತುಕ್' ಎಂಬ ಸಂರಕ್ಷಿತ ಸಮುದ್ರ ಪ್ರದೇಶವನ್ನು ಘೋಷಿಸಿತು. ಆಗ್ನೇಯ ಗ್ರೀನ್‌ಲ್ಯಾಂಡ್‌ನ ಕೆಲವು ನೂರು ಕರಡಿಗಳ ದಾರಿಯೇ ಬೇರೆ (ನನಗೆ ಇದೇ ಹೆಚ್ಚು ಕುತೂಹಲ). ಹಿಮನದಿಯಿಂದ ಒಡೆದು ಸಮುದ್ರಕ್ಕೆ ಬಿದ್ದ ಗಡ್ಡೆಗಳ ಮೇಲೂ ಅವು ಬೇಟೆಯಾಡುತ್ತವೆ. 2022ರಲ್ಲಿ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ಆದರೆ ಅಂಥ ಜಾಗಗಳು ಕಡಿಮೆ. ಪ್ರಪಂಚದ ಸುಮಾರು 26,000 ಹಿಮಕರಡಿಗಳಿಗೆ ಅವು ಸಾಲುವುದಿಲ್ಲ.