ಐದು ವರ್ಷದ ಮಗುವಿಗೆ ತಣ್ಣೀರು ಸ್ನಾನ: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರು ದಕ್ಷಿಣ ಭಾಗದ ಈ ಕುಟುಂಬ ಡಿಸೆಂಬರ್‌ನಲ್ಲಿ ನನ್ನ ಬಳಿ ಬಂದದ್ದು ಮಗನ ಹಟದ ದೂರು ಹೊತ್ತು. ಐದು ವರ್ಷದ ಹುಡುಗ ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವು ಎನ್ನುತ್ತಾನೆ, ಬಚ್ಚಲುಮನೆಯ ಬಾಗಿಲ ಬಳಿ ಹೋದರೆ ಅಳುತ್ತಾನೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದೆ ಎಂದು ತಾಯಿ ವಿವರಿಸಿದರು. ಮಕ್ಕಳ ವೈದ್ಯರು ಪರೀಕ್ಷಿಸಿ, ದೈಹಿಕ ಕಾರಣವೇನೂ ಕಾಣಲಿಲ್ಲವೆಂದು ಆಪ್ತಸಲಹೆಗೆ ಕಳುಹಿಸಿದ್ದರು.

ಕಡಲೆಕಾಯಿ ಪರಿಷೆಗೆ ಹೋಗಿಬಂದ ಮೇಲೆ ಹುಡುಗನಿಗೆ ನೆಗಡಿ, ಕೆಮ್ಮು ಹಿಡಿದು ಒಂದು ವಾರ ಶಾಲೆ ತಪ್ಪಿತ್ತು. ಸಂಜೆಯ ಶೀತಗಾಳಿಯೇ ಕಾರಣವೆಂದು ಅಜ್ಜಿ ಅವನಿಗೆ ಮಂಕಿ ಕ್ಯಾಪ್, ಎರಡು ಸ್ವೆಟರ್ ತೊಡಿಸಿ, ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮೊಸರು, ಬಾಳೆಹಣ್ಣುಗಳನ್ನು ನಿಲ್ಲಿಸಿದ್ದರು. ಚಳಿಗೆ ಒಗ್ಗಿಸಿದರೆ ರೋಗನಿರೋಧಕ ಶಕ್ತಿ ಬೆಳೆಯುತ್ತದೆಂದು ನಂಬಿದ್ದ ತಂದೆ, ಬೆಳಿಗ್ಗೆ ಆರೂವರೆಗೆ ನಲ್ಲಿಯ ತಣ್ಣೀರನ್ನು ಹತ್ತು ಚೊಂಬು ಹುಯ್ಯುತ್ತಿದ್ದರು. ಮಗನೇ ಗಟ್ಟಿಯಾಗಿ ಎಣಿಸಬೇಕು. ನಡುವೆ ಅತ್ತರೆ ಮತ್ತೆ ಒಂದರಿಂದ. ನನ್ನ ಕೊಠಡಿಯಲ್ಲಿ ಬಣ್ಣದ ಮಣಿಗಳನ್ನು ಎಣಿಸುತ್ತಿದ್ದ ಹುಡುಗ ಏಳರವರೆಗೆ ಸರಾಗವಾಗಿ ಬಂದು, ಅಲ್ಲಿ ನಿಂತು, ತಂದೆಯ ಮುಖ ನೋಡಿ, ಮಣಿಗಳನ್ನು ಮತ್ತೆ ಡಬ್ಬಿಗೆ ಹಾಕಿದ. ಹಟವೆಂದು ಅವರು ಕರೆಯುತ್ತಿದ್ದುದು ಹೆದರಿಕೆಯೆಂದು ನನಗೆ ಖಚಿತವಾದದ್ದು ಆಗಲೇ.

“ಇದಕ್ಕೆ ಸಂಶೋಧನೆಯ ಆಧಾರವಿದೆ ಮೇಡಂ,” ಎಂದು ತಂದೆ ಮೊಬೈಲ್ ತೆರೆದು ತೋರಿಸಿದರು. ಅವರು ತೋರಿಸಿದ್ದು ನೆದರ್‌ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ, ಮೂರು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡ ಅಧ್ಯಯನ. ಸ್ನಾನದ ಕೊನೆಗೆ 30ರಿಂದ 90 ಸೆಕೆಂಡು ತಣ್ಣೀರಿಗೆ ಮೈಯೊಡ್ಡಿದವರು ಅನಾರೋಗ್ಯಕ್ಕಾಗಿ ಕೆಲಸಕ್ಕೆ ರಜೆ ಹಾಕಿದ್ದು ಶೇ 29ರಷ್ಟು ಕಡಿಮೆಯಾಗಿತ್ತು ಎಂಬುದು ನಿಜ. ಆದರೆ ಅವರು ಕಾಯಿಲೆಯಾಗಿದ್ದ ದಿನಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ಮೇಲಾಗಿ ಅವರೆಲ್ಲ 18ರಿಂದ 65 ವರ್ಷದೊಳಗಿನ, ತಾವಾಗಿಯೇ ಒಪ್ಪಿ ಬಂದ ವಯಸ್ಕರು. ಇದನ್ನು ಐದು ವರ್ಷದ ಮಗುವಿಗೆ ಅನ್ವಯಿಸಲು ಬರುವುದಿಲ್ಲ ಎಂದು ನಾನು ನೇರವಾಗಿಯೇ ಹೇಳಿದೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತೀರ್ಣ ದೊಡ್ಡವರಿಗಿಂತ ಹೆಚ್ಚಾದ್ದರಿಂದ, ಅದರ ಮೈಶಾಖವೂ ಬೇಗ ಇಳಿಯುತ್ತದೆ.

ಹಾಗೆಂದು ಅಜ್ಜಿಯ ಲೆಕ್ಕವೂ ಪೂರ್ತಿ ಸರಿಯಲ್ಲ. ನೆಗಡಿಯನ್ನು ತರುವುದು ವೈರಾಣು. ಅದರಲ್ಲಿ ಮುಖ್ಯವಾದ ರೈನೋವೈರಸ್ ಮೂಗಿನೊಳಗಿನ 33ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಹೆಚ್ಚುವುದರಿಂದ ತಂಪಿಗೂ ನೆಗಡಿಗೂ ನಂಟೇ ಇಲ್ಲ ಎನ್ನಲಾಗದು. ಆದರೂ ಪರಿಷೆಯಿಂದ ಕಾಯಿಲೆ ಬಂದಿದ್ದರೆ, ಅಲ್ಲಿನ ಗಾಳಿಗಿಂತ ನೂಕುನುಗ್ಗಲಿನ ಮೇಲೆಯೇ ನನ್ನ ಅನುಮಾನ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆಯೊಡನೆ ಮಲಗಿಸುವುದು ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶಾಲೆಗೆ ಹೋಗಲು ತೊಡಗಿದ ಮಗುವಿಗೆ ವರ್ಷದಲ್ಲಿ ಆರೆಂಟು ಸಲ ನೆಗಡಿಯಾಗುವುದು ಸಾಮಾನ್ಯ. ಅದು ನಿರೋಧಕ ಶಕ್ತಿಯ ಕೊರತೆಯ ಗುರುತಲ್ಲ. ಇದನ್ನು ಕೇಳಿ ತಾಯಿ, “ಹಾಗಾದರೆ ಇವನು ನಿಶ್ಶಕ್ತನಲ್ಲವೇ?” ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಆ ಮನೆಯಲ್ಲಿ ಆ ಮಾತನ್ನು ಯಾರೂ ಅದುವರೆಗೆ ಹೇಳಿದಂತಿರಲಿಲ್ಲ.

ತಣ್ಣೀರಿನ ಸ್ನಾನವನ್ನು ಅಂದಿನಿಂದಲೇ ನಿಲ್ಲಿಸಬೇಕು, ಅದನ್ನು ನಿಲ್ಲಿಸಿದ್ದೇವೆಂದು ತಂದೆಯೇ ಮಗನಿಗೆ ಹೇಳಬೇಕು ಎಂಬುದು ನನ್ನ ಮೊದಲ ಸಲಹೆ. ಕೆಲವು ವಾರ ಸ್ನಾನವನ್ನು ಸಂಜೆಗೆ ಬದಲಿಸಿ, ಬಿಸಿನೀರಿನ ಹದವನ್ನು ಹುಡುಗನೇ ಕೈಯಿಟ್ಟು ನೋಡಿ ಹೇಳಲಿ; ಎಣಿಕೆ ಬೇಡ. ಒಂದು ಸ್ವೆಟರ್ ಸಾಕು, ಬೆವರಿದರೆ ಅದನ್ನೂ ತೆಗೆಯಲಿ. ಬಿಸಿಲೇರಿದ ಮೇಲೆ ಹೊರಗೆ ಆಡಲಿ, ಊಟದಲ್ಲಿ ಮೊಸರು ಇರಲಿ, ಹೊರಗಿನಿಂದ ಬಂದವರೆಲ್ಲ ಸೋಪು ಹಾಕಿ ಕೈ ತೊಳೆಯಲಿ. ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲು ತಿಳಿಸಿದೆ. ಮಲಗಿರುವಾಗಲೂ ನಿಮಿಷಕ್ಕೆ 40 ದಾಟುವ ಉಸಿರಾಟ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇರುವುದು, ನೀರೂ ಕುಡಿಯಲಾಗದ ನಿತ್ರಾಣ, ಇವು ಕಂಡರೆ ಕಷಾಯ ಕಾಯಿಸುತ್ತ ಕೂಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡನೆಯ ಭೇಟಿಯಲ್ಲಿ, ತಾವು ಚಿಕ್ಕಂದಿನಲ್ಲಿ ಉಬ್ಬಸದಿಂದ ನರಳಿದ್ದನ್ನು ತಂದೆ ಹೇಳಿಕೊಂಡರು. ಗೆಳೆಯರು ಬೀದಿಯಲ್ಲಿ ಆಡುವಾಗ ತಾಯಿ ಇವರನ್ನು ಶಾಲು ಹೊದಿಸಿ ಕಿಟಕಿಯ ಬಳಿ ಕೂರಿಸುತ್ತಿದ್ದರಂತೆ. “ನನ್ನ ಮಗ ಹಾಗೆ ಕೂರಬಾರದು ಅಂತಲೇ ಇಷ್ಟೆಲ್ಲ ಮಾಡಿದ್ದು,” ಎಂದರು. ಪ್ರೀತಿಯಿಂದಲೇ ಹುಟ್ಟಿದ ಆ ಕಾಳಜಿಯನ್ನು ಗೌರವಿಸುತ್ತಲೇ, ತಂದೆಗೆ ಉಬ್ಬಸವಿದ್ದರೆ ಮಗನಿಗೂ ಬರುವ ಸಂಭವ ಹೆಚ್ಚು, ಉಬ್ಬಸವಿರುವವರಲ್ಲಿ ತಣ್ಣನೆಯ ಒಣಗಾಳಿ ಉಸಿರುನಾಳವನ್ನು ಬಿಗಿಸಬಲ್ಲದು ಎಂದು ವಿವರಿಸಿ, ಈ ಹಿನ್ನೆಲೆಯನ್ನು ಮಕ್ಕಳ ವೈದ್ಯರಿಗೆ ತಪ್ಪದೆ ತಿಳಿಸಲು ಹೇಳಿದೆ. ಹೊರಗೆ ಕುಳಿತಿದ್ದ ಅಜ್ಜಿಯನ್ನು ಅವರೇ ಒಳಗೆ ಕರೆದು, ತಮಗೆ ಉಬ್ಬಸ ಶುರುವಾದದ್ದು ಎಷ್ಟನೆಯ ವಯಸ್ಸಿನಲ್ಲಿ ಎಂದು ವಿಚಾರಿಸತೊಡಗಿದರು.